ಸೆರಗಿನ ಮರೆಯ ಉಬ್ಬು

"ಬಿಡ್ರೀ, ನಾನೇ ಎತ್ಕೊಂತೀನಿ!"

ಚಳ್ಳಕೆರೆಯಿಂದ ಡಯಾಲಿಸಿಸ್ ದ್ರವದ ಪೆಟ್ಟಿಗೆ ತಂದಿದ್ದ ಲಗೇಜ್ ಆಟೋದ ತಿಪ್ಪೇರುದ್ರ ನಾಗರತ್ನಳ ದನಿಗೆ ಬೆಚ್ಚಿದ. ಮೊಳಕಾಲ್ಮೂರಿನ ಆ ನೇಕಾರರ ಮನೆ ಬಾಗಿಲಲ್ಲಿ ಇಬ್ಬರ ಕೈ ತಾಗಿದವು. ಅವಳ ಎದೆ ಝಲ್ಲೆಂದಿತು!

ಕಿಡ್ನಿ ಕೈಕೊಟ್ಟ ಮೇಲೆ ಅವಳು ದಿನವೂ ಕೊಳವೆಯಲ್ಲಿ ಹೊಟ್ಟೆಗೆ ದ್ರವ ತುಂಬಿಸಿಕೊಂಡು, ಹೊತ್ತು ಕಳೆದ ಮೇಲೆ ಹೊರಬಿಡುತ್ತಿದ್ದಳು. 'ಇಂಥವಳನ್ನ ಯಾರು ಒಪ್ತಾರೆ?' ಎಂದು ಆಸೆಯನ್ನೇ ಬಿಟ್ಟಿದ್ದಳು.

ಆದರೆ ತಿಪ್ಪೇರುದ್ರ ಬಂದಾಗೆಲ್ಲ ಮಗ್ಗದ ಪಕ್ಕ ಕೂತು ಹರಟುತ್ತಿದ್ದ.

"ಈ ಸೀರೆ ಉಡೋಳಿಗಿಂತ ನೇಯೋಳೇ ಚೆಂದ ಅದಾಳೆ!"

ಅಂದು ಅವಳು ಎಳೆ ತಪ್ಪಿದ್ದಳು.

ಚಳಿಗಾಲದಲ್ಲಿ ಕೆಮ್ಮು ಹತ್ತಿತು. ಒಮ್ಮೆ ಅವನೆದುರೇ ಕೆಮ್ಮುವಾಗ ಸೆರಗು ಸರಿದು, ಹೊಕ್ಕುಳ ಬಳಿ ನಿಂಬೆಹಣ್ಣಿನಷ್ಟು ಗಂಟು ಉಬ್ಬಿದ್ದು ಕಂಡಿತು. ಅವನ ಮುಖ ಬಿಳಿಚಿತು. ಎದ್ದು ಹೊರಗೆ ಹೋದ. ಅಲ್ಲಿ ಅವಳ ತಾಯಿ ರೇಣುಕಮ್ಮನಿಗೆ ಹೇಳಿದ್ದು ಕೇಳಿಸಿತು.

"ನನ್ನ ಕೈಲಿ ನೋಡಕಾಗಲ್ಲವ್ವ!"

ಅಷ್ಟೇ... ನಾಗರತ್ನ ಕುಸಿದಳು. ಮರುದಿನ ಅವನು ಬಂದಾಗ ಬಾಗಿಲು ತೆರೆಯಲಿಲ್ಲ. ತಾಯಿ ಏನೋ ಹೇಳಹೋದರೆ ತಡೆದಳು.

"ಅವರ ಹೆಸರು ಎತ್ತಬ್ಯಾಡವ್ವ!"

ತಾಯಿ ಅತ್ತು ಕರೆದು ದಾವಣಗೆರೆಯ ದೊಡ್ಡಾಸ್ಪತ್ರೆಗೆ ಕರೆದೊಯ್ದಳು.

"ಹರ್ನಿಯಾ. ದ್ರವದ ಒತ್ತಡಕ್ಕೆ ಹೊಟ್ಟೆಯ ಗೋಡೆ ಸೋತಿದೆ," ಎಂದರು ಡಾಕ್ಟರ್. "ಕರುಳು ಸಿಕ್ಕಿಕೊಳ್ಳುವ ಮೊದಲು ಹೊಲಿಯಬೇಕು. ಮಾಯುವವರೆಗೆ ಯಂತ್ರದಲ್ಲೇ ಡಯಾಲಿಸಿಸ್."

ಆಪರೇಷನ್ ಆಯಿತು. ಕಣ್ಣು ಬಿಟ್ಟರೆ ಮಂಚದ ಪಕ್ಕದ ಸ್ಟೂಲಿನ ಮೇಲೆ ತಿಪ್ಪೇರುದ್ರ!

"ಯಾಕ್ ಬಂದ್ರಿ? ನೋಡಕಾಗಲ್ಲ ಅಂದ್ರಲ್ಲ..."

"ಅಯ್ಯೋ!" ಅವನ ಕಣ್ಣು ತುಂಬಿತು. "ನಿನ್ನ ನೋವು ನೋಡಕಾಗಲ್ಲ ಅಂದೆ ಕಣೇ. ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗ್ರಿ ಅಂತ ಅವ್ವನ್ನ ಬೇಡ್ಕೊಂಡೆ."

ಬಾಗಿಲಲ್ಲಿದ್ದ ರೇಣುಕಮ್ಮ ತಲೆಯಾಡಿಸಿದಳು. "ನೀನು ಹೇಳಾಕೆ ಬಿಟ್ರೆ ತಾನೇ?"

ನಾಗರತ್ನ ನಾಚಿಕೆಯಿಂದ ಮುಖ ತಿರುಗಿಸಿದಳು. 'ಎಷ್ಟು ನೋಯಿಸಿಬಿಟ್ಟೆ...'

"ನಾಳೆ ಇನ್ನೊಂದು ಕಡೆ ಉಬ್ಬಿದ್ರೆ?"

"ಇಲ್ಲೇ, ಹಿಂಗೇ ಕೂತಿರ್ತೀನಿ. ಈ ಸ್ಟೂಲು ನನಗೆ ರೂಢಿಯಾಗೈತೆ."

ಅವಳು ನಗಲು ಹೋದಳು. ಹೊಲಿಗೆ ಎಳೆಯಿತು. "ಆಹ್... ನಗಿಸಬ್ಯಾಡ್ರಿ!"

"ಆತು. ನಗು ಬರದಂಥದ್ದು ಕೇಳ್ತೀನಿ." ಅವನು ಸ್ಟೂಲನ್ನು ಹತ್ತಿರಕ್ಕೆಳೆದ. "ನನ್ನ ಮದುವೆ ಆಗ್ತೀಯಾ?"

ಅವಳು ಅವನ ಬೆರಳು ಬಿಗಿಯಾಗಿ ಹಿಡಿದಳು. ಮೊದಲ ಸಲ 'ರೀ' ಮರೆತಳು.

"ಆಗ್ತೀನಿ ಕಣೋ... ಆದ್ರೆ ಅಳು ಬರ್ತೈತೆ."

"ಮೆಲ್ಲಗೆ ಅಳು, ಹೊಲಿಗೆ ಜೋಪಾನ," ಎಂದ ತಿಪ್ಪೇರುದ್ರ. "ಅವಸರ ಏನೈತೆ?"