ನಿನ್ನ ಕಂಪ್ಯೂಟರಲ್ಲಿ ಮಾತ್ರ ಜೋರು

ಮನುಷ್ಯಕುಲದ ಮುಂದಿರುವ ಗಂಭೀರ ಪ್ರಶ್ನೆಗಳ ಪಟ್ಟಿಗೆ ಇದನ್ನೂ ಸೇರಿಸಬೇಕು: ಚಿನ್ನದ ಗಣಿಯೂರು ಕೋರಮಂಡಲ್‌ನ ಕಂಪ್ಯೂಟರಿನಲ್ಲಿ ಗುಡುಗುವ ಹಾಡು, ಎರಡು ಬಸ್ಸು ಬದಲಿಸಿ ಬೂದಿಕೋಟೆಯ ಕಂಪ್ಯೂಟರಿಗೆ ಬರುವಷ್ಟರಲ್ಲಿ ಪಿಸುಗುಟ್ಟುವುದೇಕೆ? ಈ ಬಗ್ಗೆ ಸರ್ಕಾರ ಇನ್ನೂ ಆಯೋಗ ರಚಿಸಿಲ್ಲ. ಹಾಗಾಗಿ ಇಂದ್ರಾಣಿ ತಾನೇ ವಿಚಾರಣೆಗೆ ಹೊರಟಳು.

"ಏನಣ್ಣಾ, ನನ್ ದನೀನ ಎಲ್ಲಿ ನುಂಗ್ಬುಟ್ರಿ?"

ಬಾಗಿಲಲ್ಲೇ ನಿಂತು ಪೆನ್‌ಡ್ರೈವ್ ಎತ್ತಿ ತೋರಿಸಿದಳು. ಹಿಂದಿನ ವಾರ ಇದೇ ಕೋಣೆಯಲ್ಲಿ ಹಾಡಿ ಹೋಗಿದ್ದಳು. ಆಗ ರೆಕಾರ್ಡ್ ಮಾಡುವ ನರೇಶ್ ಪರದೆ ನೋಡುತ್ತಿದ್ದ, ಅವಳು ಪದದ ಪುಸ್ತಕ ನೋಡುತ್ತಿದ್ದಳು. ಆದ್ದರಿಂದ ಇದನ್ನೇ ಮೊದಲ ಭೇಟಿ ಎನ್ನುವುದು ನ್ಯಾಯ.

"ಅಣ್ಣ ಅನ್ನೋದೊಂದು ಬಿಟ್ಟು ಏನಾದ್ರೂ ಅನ್ನಿ," ಎಂದ ನರೇಶ್. "ಏನಾಗಿದೆ?"

"ನಮ್ಮನೆ ಕಂಪ್ಯೂಟರಲ್ಲಿ ನೂರಕ್ಕೆ ನೂರಿಟ್ರೂ ಇರುವೆ ಹಾಡ್ದಂಗೆ ಕೇಳ್ತದೆ!"

ಗಣಿ ಕಾರ್ಮಿಕರ ಹಳೇ ಕ್ವಾರ್ಟರ್ಸಿನ ಮುಂದಿನ ಕೋಣೆ ಅದು. ಗೋಡೆಗೆಲ್ಲ ಕಂಬಳಿ ಹೊಡೆದು ನರೇಶ್ ಅದನ್ನು ರೆಕಾರ್ಡಿಂಗ್ ರೂಮ್ ಮಾಡಿಕೊಂಡಿದ್ದ. ಆಟೋದಲ್ಲಿ ಕೂಗುವ ಪ್ರಚಾರ, ಭಜನೆ, ಸತ್ತವರ ಶ್ರದ್ಧಾಂಜಲಿ ಎಲ್ಲವೂ ಇಲ್ಲೇ ತಯಾರಾಗುತ್ತಿದ್ದವು. ಇಂದ್ರಾಣಿಯದು ಬೇರೆ ಕೆಲಸ. ಅವಳ ತಾಯಿ ಕದಿರಮ್ಮನಿಗೆ ನಲವತ್ತು ಸೋಬಾನೆ ಪದಗಳು ಬರುತ್ತಿದ್ದವು. ಕದಿರಮ್ಮ ಹೋದ ಮೇಲೆ ಅವುಗಳ ಧಾಟಿ ಗೊತ್ತಿದ್ದವಳು ಮಗಳೊಬ್ಬಳೇ. ಪದ ಪುಸ್ತಕದಲ್ಲಿ ಉಳಿಯುತ್ತದೆ... ಧಾಟಿ?

ನರೇಶ್ ಅವಳ ತಲೆಗೆ ಹೆಡ್‌ಫೋನ್ ಇಟ್ಟು, ಟೇಬಲ್ ಕೆಳಗಿನ ವಾಲ್ಯೂಮ್ ಗುಂಡಿ ತಿರುಗಿಸಿದ.

"ಈಗ?"

"ಇನ್ನೂ."

"ಈಗ?"

"ಹಾಂ! ಈಗ ಸರಿ. ನೋಡಿದ್ರಾ? ನಿಮ್ ಕಂಪ್ಯೂಟರಲ್ಲಿ ಮಾತ್ರ ಜೋರು!"

ಅವಳ ತಲೆಯ ಮೇಲಿದ್ದ ಹೆಡ್‌ಫೋನಿನಿಂದ ಹಾಡು ಹೊರಚೆಲ್ಲಿ ಬಾಗಿಲಾಚೆಗೂ ಕೇಳುತ್ತಿತ್ತು. ನರೇಶ್ ಗುಂಡಿಯನ್ನೇ ನೋಡಿದ. ಅಷ್ಟು ಜೋರಾಗಿ ಟಿವಿ ಇಡುತ್ತಿದ್ದವರು ಆ ಮನೆಯಲ್ಲಿ ಒಬ್ಬರಿದ್ದರು. ಅವನ ಅಪ್ಪ ಕೋದಂಡಪ್ಪ, ಇಪ್ಪತ್ತು ವರ್ಷ ಗಣಿಯೊಳಗೆ ಡ್ರಿಲ್ ಹಿಡಿದು ಕಿವಿ ಕಳೆದುಕೊಂಡವರು.

ಹಟಮಾರಿ ಇರಬೇಕು, ಅಂದುಕೊಂಡು ಸುಮ್ಮನಾದ.

ವಾರಕ್ಕೆರಡು ಪದ. ಹತ್ತನೇ ಪದದ ಹೊತ್ತಿಗೆ 'ಅಣ್ಣ' ಹೋಗಿ 'ನೀವು' ಉಳಿಯಿತು. ಹದಿನೈದರ ಹೊತ್ತಿಗೆ 'ನೀನು' ಬಂತು. ಹದಿನೆಂಟನೇ ಪದ ಮುಗಿದ ಮಧ್ಯಾಹ್ನ, ನರೇಶ್ ಅವಳಿಗೆ ಬೆನ್ನು ಹಾಕಿ ತಿಂಡಿ ಬಡಿಸುತ್ತಾ ಧೈರ್ಯ ಮಾಡಿದ. ಮುಖ ನೋಡಿ ಹೇಳುವಷ್ಟು ಧೈರ್ಯ ಅವನಿಗಿರಲಿಲ್ಲ. ಜಗತ್ತಿನ ಅರ್ಧ ಪ್ರೇಮಕತೆಗಳು ಕೆಡುವುದು ಇಲ್ಲೇ.

"ಇಂದ್ರಾಣೀ... ನೀನಂದ್ರೆ ನಂಗೆ ತುಂಬಾ ಇಷ್ಟ."

ಉತ್ತರವಿಲ್ಲ.

ಅವನ ಕೈಯಿಂದ ಸ್ಟೀಲ್ ತಟ್ಟೆ ಜಾರಿ ಸಿಮೆಂಟ್ ನೆಲಕ್ಕೆ ಬಿದ್ದು, ಆ ಸಣ್ಣ ಕೋಣೆಯೇ ಅದುರುವಂತೆ ಸದ್ದು ಮಾಡಿತು. ನರೇಶ್ ಬೆಚ್ಚಿ ತಿರುಗಿದ.

ಇಂದ್ರಾಣಿ ಪುಸ್ತಕ ಓದುತ್ತಾ ಕೂತಿದ್ದಳು. ತಲೆ ಎತ್ತಿರಲಿಲ್ಲ.

ದೇವರೇ... ಇವಳು ಬೇಡ ಅಂದಿಲ್ಲ. ಇವಳಿಗೆ ಕೇಳೇ ಇಲ್ಲ!

ಅವತ್ತು ಹೇಳಬಹುದಿತ್ತು. ಹೇಳಲಿಲ್ಲ. ಅಪ್ಪನಿಗೆ ಮಾತ್ರ ಹೇಳಿ, ಅವಳು ಬರುವ ಮೊದಲೇ ಗುಂಡಿ ತಿರುಗಿಸಿಡತೊಡಗಿದ. ಅವಳ ಮನೆಗೆಂದೇ ದನಿಯನ್ನು ಒಡೆದುಹೋಗುವಷ್ಟು ಎತ್ತರಿಸಿ ಬೇರೆ ಫೈಲ್ ಮಾಡಿ ನೀಲಿ ಪೆನ್‌ಡ್ರೈವಿಗೆ ಹಾಕಿಕೊಟ್ಟ. ನಲವತ್ತೂ ಮುಗಿಯಲಿ, ಆಮೇಲೆ ಹೇಳೋಣ. ಕೇಳಲ್ಲ ಅಂತ ಗೊತ್ತಾದ್ರೆ ಹಾಡೋದನ್ನೇ ಬಿಟ್ಟುಬಿಡ್ತಾಳೆ...

ಅಷ್ಟರಲ್ಲಿ ಬಂಗಾರಪೇಟೆಯಲ್ಲಿ ಇಂದ್ರಾಣಿಯ ಚಿಕ್ಕಪ್ಪನ ಮಗಳು ಸುಮಲತಳ ಮದುವೆ ಬಂತು. ಅರಿಶಿನದ ಹೊತ್ತಿಗೆ ಮಂಟಪದಲ್ಲಿ ಕದಿರಮ್ಮನ ಪದಗಳನ್ನೇ ಹಾಕಬೇಕೆಂದು ಇಂದ್ರಾಣಿ ಎಲ್ಲರನ್ನೂ ಒಪ್ಪಿಸಿದ್ದಳು. ನರೇಶ್ ಮಂಟಪಕ್ಕೆಂದು ಸರಿಯಾದ ಫೈಲನ್ನು ಕೆಂಪು ಪೆನ್‌ಡ್ರೈವಿಗೆ ಹಾಕಿ ಕೊಟ್ಟ.

ಹೊರಡುವ ಮುನ್ನ ಅವಳು ಅದನ್ನು ಮನೆಯ ಕಂಪ್ಯೂಟರಿಗೆ ಹಾಕಿ ನೋಡಿದಳು. ಇರುವೆ!

'ಸಾವಿರ ಜನ ಸೇರೋ ಕಡೆ ಇಂಥದ್ದಾ ಕೊಡೋದು?' ಗೊಣಗುತ್ತಾ, ತನ್ನ ಮನೆಯ ನೀಲಿ ಪೆನ್‌ಡ್ರೈವನ್ನೇ ಒಯ್ದಳು.

ಮಂಟಪದ ಆಳೆತ್ತರದ ಬಾಕ್ಸ್‌ಗಳಲ್ಲಿ ಆ ಹಾಡು ಶುರುವಾದಾಗ ತಗಡು ಸೀಳಿದಂತಾಯಿತು. ಮದುಮಗಳು ಅರಿಶಿನದ ಕೈಯಲ್ಲೇ ಕಿವಿ ಮುಚ್ಚಿಕೊಂಡಳು.

"ಯಾವಳೇ ಅದು, ಮಿಕ್ಸಿಗೆ ಕಲ್ಲು ಆಕಿದ್ದು?" ಎಂದರು ದೊಡ್ಡಮ್ಮ ಮುನಿಶಾಮಮ್ಮ. ಮಂಟಪವೇ ನಕ್ಕಿತು.

ಇಡೀ ಮಂಟಪದಲ್ಲಿ ಹಾಡು ಚೆನ್ನಾಗಿದೆ ಅನಿಸಿದ್ದು ಇಂದ್ರಾಣಿಗೆ ಒಬ್ಬಳಿಗೇ. ಅವಳು ಆನಂದದಿಂದ ಸುತ್ತ ನೋಡಿದಳು... ಎಲ್ಲರ ಕೈಯೂ ಕಿವಿಯ ಮೇಲಿತ್ತು.

ಅಮ್ಮನ ಪದ ನಿಂತಿತು. ಸಿನಿಮಾ ಹಾಡು ಹಾಕಿದರು.

ಮಾರನೇ ದಿನ ಕೋರಮಂಡಲ್.

"ಬೇಕಂತ್ಲೇ ಮಾಡ್ದ್ಯಾ? ನಮ್ಮಮ್ಮನ ಪದ ಇಟ್ಕಂಡು ನಗಾಡ್ಸಕ್ಕೆ ನಾನೇ ಸಿಕ್ಕಿದ್ನಾ?"

"ಇಲ್ಲ ಇಂದ್ರಾಣಿ..."

"ಮತ್ಯಾಕೆ ಎರಡು ಥರ ಮಾಡ್ದೆ? ಯೋಳು! ಬಾಯಿ ಬಿದ್ದೋಯ್ತಾ?"

ನರೇಶ್ ನೆಲ ನೋಡಿದ. ಜಗಲಿಯಲ್ಲಿ ಕೂತಿದ್ದ ಕೋದಂಡಪ್ಪನವರಿಗೆ ಮಾತು ಕೇಳಲಿಲ್ಲ, ಆದರೆ ಮಗನ ಮುಖ ಕಂಡಿತು. ಅವರು ಒಳಗೆ ಬಂದು ಮಗನ ಕಿವಿಯ ಹತ್ತಿರ ಬಗ್ಗಿ, ತಮ್ಮ ಪ್ರಕಾರ ಗುಟ್ಟಾಗಿ ಹೇಳಿದರು:

"ಲೇ ನರೇಶ! ಆ ಮಗೂಗೆ ಕಿವಿ ಓಗ್ತಾ ಐತೆ ಅಂತ ಇನ್ನೂ ಯೋಳಿಲ್ವೇನ್ಲಾ?"

ಸಾಲಿನ ಅಷ್ಟೂ ಕ್ವಾರ್ಟರ್ಸಿಗೆ ಕೇಳಿಸಿತು. ಇಂದ್ರಾಣಿಗೂ ಕೇಳಿಸಿತು. ಎಷ್ಟೋ ತಿಂಗಳ ಮೇಲೆ ಒಂದು ಮಾತು ಅವಳಿಗೆ ಪ್ರಯಾಸವಿಲ್ಲದೆ ಕೇಳಿಸಿದ್ದು ಅದೇ.

ಅವಳು ನರೇಶನ ಕಡೆ ತಿರುಗಿ ಕೇಳಿದಳು, "ಹಂಗಾದ್ರೆ... ನಿನ್ನ ಕಂಪ್ಯೂಟರು?"

"ನಾನು ತಿರುಗಿಸ್ತಿದ್ದೆ."

"ಎಷ್ಟು ದಿನದಿಂದ?"

"ಹದಿನೆಂಟನೇ ಪದದಿಂದ."

"ನನ್ ಕಿವಿ ಓಗ್ತಿರೋದು ನಿಂಗೊತ್ತು, ನಿಮ್ಮಪ್ಪಂಗೊತ್ತು... ನಂಗೆ ಮಾತ್ರ ಗೊತ್ತಿಲ್ಲ! ಬಾಳ ಒಳ್ಳೇವ್ನು ಕಣಯ್ಯಾ ನೀನು."

ಹೊರಟೇ ಹೋದಳು.

ಕೋಲಾರದ ಡಾಕ್ಟರು ಕಿವಿಯ ನರ ಒಣಗುತ್ತಿದೆ ಎಂದರು. ಮಶಿನ್ ಹಾಕಿದರೆ ಸ್ವಲ್ಪ ದಿನ. ಆಮೇಲೆ? ಡಾಕ್ಟರು ಮಾತಾಡಲಿಲ್ಲ, ಅಥವಾ ಮಾತಾಡಿದ್ದು ಅವಳಿಗೆ ಕೇಳಲಿಲ್ಲ. ಇಂದ್ರಾಣಿ ಮನೆಗೆ ಬಂದು ನೀಲಿ ಪೆನ್‌ಡ್ರೈವ್ ಹಾಕಿದಳು. ವಾಲ್ಯೂಮ್ ನೂರರಲ್ಲಿತ್ತು. ತನ್ನ ದನಿ ಊರಾಚೆಯ ಹೊಲದಿಂದ ಯಾರೋ ಕರೆದಂತೆ ಬಂತು. ಅವಳು ಸ್ಪೀಕರಿಗೆ ಕೆನ್ನೆ ಒತ್ತಿ ಅತ್ತಳು. ಕೆನ್ನೆಗೆ ಹಾಡು ತಿಳಿಯುತ್ತಿತ್ತು. ಕಿವಿಗಿಂತ ಚೆನ್ನಾಗಿ.

ಎರಡು ತಿಂಗಳು ನರೇಶನ ಫೋನ್ ಎತ್ತಲಿಲ್ಲ. ಎತ್ತಿದ್ದರೂ ಪ್ರಯೋಜನವಿರಲಿಲ್ಲ. ಮಶಿನ್ ಹಾಕಿದರೂ ಫೋನಿನ ಮಾತು ಅವಳಿಗೆ ಈಗ ಬರಿಯ ಗೊರಗೊರ.

ಮೂರನೇ ತಿಂಗಳು ಅವಳೇ ಬಂದಳು, ಕೈಯಲ್ಲಿ ಪದದ ಪುಸ್ತಕ.

"ಇನ್ನೂ ಹದಿನೈದು ಐತೆ," ಎಂದಳು. "ಧಾಟಿ ಇನ್ನೂ ತಲೇಲೈತೆ. ಅದೂ ಓಗೋಕ್ ಮುಂಚೆ ಮುಗಿಸ್ಬೇಕು."

"ಹೆಡ್‌ಫೋನು..."

"ಬ್ಯಾಡ. ನೀನು ಇಲ್ಲಿ ತಾಳ ಹಾಕು." ಅಂಗೈ ಚಾಚಿದಳು.

ಅವನು ಆ ಅಂಗೈಯ ಮೇಲೆ ಎರಡು ಬೆರಳಿಟ್ಟ. ತಾಳ ಹಾಕಲಾಗಲಿಲ್ಲ. ಅವಳೆದುರು ಬಂದು ಕೂತು, ಮುಖ ಕಾಣುವಂತೆ, ನಿಧಾನವಾಗಿ ತುಟಿ ತೆರೆದ.

"ಅವತ್ತು ತಟ್ಟೆ ಬೀಳೋಕ್ ಮುಂಚೆ ಒಂದು ಮಾತು ಹೇಳಿದ್ದೆ. ಬೆನ್ನು ಹಾಕ್ಕೊಂಡು."

"ಏನು?"

"ನೀನಂದ್ರೆ ನಂಗೆ ತುಂಬಾ ಇಷ್ಟ."

ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು.

"ಕೇಳಿಸ್ತಾ?" ಎಂದ.

"ಇಲ್ಲ," ಎಂದಳು. "ಕಾಣುಸ್ತು. ಇನ್ನೊಂದ್ಸಲ ಯೋಳು."

ಇನ್ನೊಂದು ಸಲ ಹೇಳಿದ.

"ಇನ್ಮೇಲೆ ಬೆನ್ನು ಹಾಕಿ ಮಾತಾಡ್ಬ್ಯಾಡ. ನಂಗೆ ತಿಳೀದಂಗೆ ಏನೂ ತಿರುಗಿಸ್ಬ್ಯಾಡ."

"ಇಲ್ಲ."

"ಸರಿ. ತಾಳ ಹಾಕು."

ಇಂದ್ರಾಣಿ ಮತ್ತು ನರೇಶ್ ಮುಂದಿನ ವರ್ಷ ಮದುವೆಯಾದರು. ಕದಿರಮ್ಮನ ನಲವತ್ತೂ ಪದಗಳು ರೆಕಾರ್ಡ್ ಆದವು. ಕೊನೆಯ ಆರನ್ನು ಹಾಡಿದ ಇಂದ್ರಾಣಿಯೇ ಕೇಳಿಲ್ಲ.