ಕೊರ್ದೋಬಾದ ಅತ್ತೆ

ಅಮಾದೋರ್ ಅಂಗಳಕ್ಕೆ ಕಾಲಿಟ್ಟವನೇ, ಯಾರನ್ನೂ ಕೇಳದೆ, ಮೂಲೆಯಲ್ಲಿದ್ದ ಉದ್ದ ಕೋಲನ್ನು ಎತ್ತಿಕೊಂಡ. ಅದರ ತುದಿಗೆ ತಗಡಿನ ಡಬ್ಬಿ ಕಟ್ಟಿತ್ತು. ತೊಟ್ಟಿಯಲ್ಲಿ ಅದ್ದಿ, ಎರಡಾಳೆತ್ತರದ ಬಿಳಿ ಗೋಡೆಗೆ ತೂಗುಹಾಕಿದ್ದ ಜೆರೇನಿಯಂ ಹೂವಿನ ಕುಂಡಗಳಿಗೆ ಒಂದೊಂದಾಗಿ ನೀರೆರೆದ. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ.

ಅವನ ಹಿಂದೆ ಬಂದು ಬಾಗಿಲಲ್ಲೇ ನಿಂತ ಅರಾಸೆಲಿಗೆ ಎದೆ ಚುರ್ ಎಂದಿತು. ಇಷ್ಟು ಕೈ ಪಳಗಲು ಎಷ್ಟು ಬೆಳಗುಗಳು ಬೇಕು?

ತೊಲೇದೋದಿಂದ ಬೆಳಗ್ಗೆ ಬೇಗನೆ ಕಾರಿನಲ್ಲಿ ಹೊರಟಿದ್ದರು. ಕಾದಿಸ್‌ನ ಕಡಲು ನೋಡುವುದೆಂದು ಮಾತು. "ದಾರಿಯಲ್ಲಿ ಕೊರ್ದೋಬಾದಲ್ಲಿ ಊಟ ಮಾಡೋಣ" ಎಂದಿದ್ದ, ಅಷ್ಟೆ. ಹಿಂದಿನ ಅರಬ್ ದೊರೆಗಳು ಕಟ್ಟಿಸಿದ ಮಸೀದಿಯಲ್ಲಿ, ಕೆಂಪು-ಬಿಳಿ ಕಮಾನುಗಳ ಕೆಳಗೆ ಅವಳು ಅವನ ಕೈ ಹಿಡಿದರೆ, ಅವನು ಗಡಿಯಾರ ನೋಡಿಕೊಂಡಿದ್ದ.

ಅಡುಗೆಮನೆಯಿಂದ ಮುದುಕಿಯೊಬ್ಬಳು ಬಂದು ಅಂಗಳದ ಮೇಜಿನ ಮೇಲೆ ಎರಡು ತಟ್ಟೆ ಇಟ್ಟಳು. "ನಾನು ಫುಯೆನ್ಸಾಂತಾ. ಇವನ ಅತ್ತೆ."

ಅತ್ತೆಯಾಗಿದ್ದೆ ಎನ್ನಲಿಲ್ಲ. ಅಮಾದೋರನ ಹೆಂಡತಿ ಇನೆಸ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

"ಇನೆಸ್ ಚೆನ್ನಾಗೇ ಕಲಿಸಿದಾಳೆ," ಎಂದಳು ಅರಾಸೆಲಿ. ನಗು ತುಟಿ ದಾಟಲಿಲ್ಲ.

"ಅವಳಾ? ಆ ಕೋಲು ಮುಟ್ಟಿದವಳಲ್ಲ, ಸೋಮಾರಿ. ಅವಳು ಹೋದ ಮೇಲೆ ಇವನು ಪ್ರತಿ ಭಾನುವಾರ ಬರ್ತಿದ್ದ. ಇಬ್ಬರಿಗೂ ಮಾತು ಬರ್ತಿರ್ಲಿಲ್ಲ. ಕೋಲು ಕೈಗೆ ಕೊಟ್ಟೆ. ಮೊದಮೊದಲು ನನ್ನ ತಲೆ ಮೇಲೇ ಸುರಿದ, ಕತ್ತೆ."

ಅಮಾದೋರನ ಕಿವಿ ಕೆಂಪಾಯಿತು.

"ಇವತ್ತು ಅಪ್ಪಣೆ ಕೇಳೋಕೆ ಬಂದಿದಾನೆ. ಬಾಯಿ ಬರ್ತಿಲ್ಲ. ಆ ಕುಂಡಕ್ಕೆ ಮೂರನೇ ಸಲ ನೀರು ಹಾಕ್ತಿದಾನೆ ನೋಡು."

ಅರಾಸೆಲಿ ಅವನತ್ತ ತಿರುಗಿದಳು. "ನನ್ನನ್ನ ಕೇಳೋಕೆ ಮುಂಚೆ ಇವರನ್ನಾ?"

"ನೀನು ಹೂಂ ಅಂದುಬಿಟ್ಟಿದ್ರೆ, ಆಮೇಲೆ ಇವರ ಮುಖ ನೋಡೋ ಧೈರ್ಯ ಇರ್ತಿರ್ಲಿಲ್ಲ ಅರಾ."

"ಇಲ್ಲ ಅಂದಿದ್ರೆ?"

"ಆಗ್ಲೂ ಇಲ್ಲಿಗೇ ಬರ್ತಿದ್ದೆ. ಇನ್ನೆಲ್ಲಿಗೆ ಹೋಗ್ಲಿ?"

ಅದು ಚುಚ್ಚಿತು. ತಾನಿದ್ದರೂ ಇಲ್ಲದಿದ್ದರೂ ಈ ಬಾಗಿಲು ಅವನಿಗೆ ತೆರೆದಿರುತ್ತದೆ. ಕಾರಿನ ಕೀಲಿ ಅವಳ ಚೀಲದಲ್ಲಿತ್ತು. ಈಗ ಹೊರಟರೆ ಸಂಜೆಗೆ ತೊಲೇದೋ. ಆದರೆ ಅವನು ಸುಳ್ಳು ಹೇಳಬಹುದಿತ್ತು, ಹೇಳಿರಲಿಲ್ಲ.

"ಈಗ ಕೇಳು."

"ಇಲ್ಲೇನಾ?"

"ಇಲ್ಲೇ. ಅವರೂ ಕೇಳಿಸ್ಕೊಳ್ಳಲಿ."

ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ನನ್ನನ್ನು ಮದುವೆಯಾಗ್ತೀಯಾ ಎಂದು ಕೇಳಿದ.

"ಹೂಂ," ಎಂದಳು. ಆಮೇಲೆ ಮುದುಕಿಯನ್ನು ನೋಡಿ, "ಆದ್ರೆ ನಿಮ್ಮ ಮಗಳ ಮೇಲಿನ ಹೊಟ್ಟೆಕಿಚ್ಚು ಹೋಗುತ್ತೆ ಅಂತ ಮಾತು ಕೊಡಲ್ಲ."

"ನಿನ್ನ ಮೇಲಿನದು ನಂಗೂ ಹೋಗಲ್ಲ ಮಗಳೇ," ಎನ್ನುತ್ತಾ ಫುಯೆನ್ಸಾಂತಾ ಮೂರನೆಯ ತಟ್ಟೆ ತರಲು ಒಳಗೆ ಹೋದಳು.