ಮೂರನೆಯ ಕೈ

ಗೀರನ್ನು ಮೊದಲು ನೋಡಿದವನು ಬೆಸಿಮ್. ನೋಡಿದ ಕೂಡಲೇ ಹೋಗಿ ಹೇಳಿದ. ಅದೇ ಅವನಿಗೆ ಮುಳುವಾಯಿತು.

ಬುಧವಾರ ಬೆಳಿಗ್ಗೆ. ಲ್ಯುತೊಮೆರ್ ಪಟ್ಟಣದ ಅಂಚಿನ ಕಾರು ಮಳಿಗೆ. ಹಿಂದಿನ ಅಂಗಳದ ತಗಡಿನ ಚಾವಣಿಯಡಿ ಬೂದು ಬಣ್ಣದ ಹೊಸ ಕಾರು ನಿಂತಿತ್ತು. ಎಡಗಡೆಯ ಹಿಂಬಾಗಿಲಿನ ಮೇಲೆ ಮೊಳದುದ್ದದ ಗೀರು. ಬಣ್ಣ ಕಿತ್ತುಹೋಗಿ ಒಳಗಿನ ಲೋಹ ಬೆಳ್ಳಗೆ ಕಾಣುತ್ತಿತ್ತು.

ಬೆಸಿಮ್ ಅಲ್ಲಿ ಕಾರು ತೊಳೆಯುವವನು. ಕೊಸೊವೊದಿಂದ ಬಂದು ನಾಲ್ಕು ವರ್ಷವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅವನ ಕೆಲಸ ಹೋಗಿತ್ತು. ಪೊಲೀಸ್ ಠಾಣೆಯಿಂದ ಇನ್ಸ್‌ಪೆಕ್ಟರ್ ಬ್ರೆದಾ ಕೊಸಿ ಬಂದಾಗ ಅವನು ತನ್ನ ರಬ್ಬರ್ ಬೂಟುಗಳನ್ನು ಚೀಲಕ್ಕೆ ತುಂಬುತ್ತಿದ್ದ.

"ಯಾರ ಮೇಲೆ ಅನುಮಾನ?" ಬ್ರೆದಾ ಮಳಿಗೆಯ ಯಜಮಾನ ಆಲೆಶ್‌ನನ್ನು ಕೇಳಿದಳು.

"ಅನುಮಾನ ಏನ್ ಬಂತು ಮೇಡಂ? ಇವನದೇ ಕೆಲಸ. ಸೋಮವಾರ ಬಂದು ಶುಕ್ರವಾರಕ್ಕೆ ರಜೆ ಕೇಳಿದ. ಮಗಳ ಶಾಲೇಲಿ ಏನೋ ಹಾಡು ಅಂತೆ. ತಿಂಗಳ ಕೊನೆ, ಆಗಲ್ಲ ಅಂದೆ. ಸ್ಪಂಜನ್ನ ಬಕೆಟ್ಟಿಗೆ ಹೇಗೆ ಎಸೆದ ಗೊತ್ತಾ? ನನ್ನ ಪ್ಯಾಂಟೆಲ್ಲ ಒದ್ದೆ."

"ಪ್ಯಾಂಟ್ ಒದ್ದೆಯಾಯ್ತು ಅಂತ ಕೇಸ್ ಹಾಕೋಕಾಗಲ್ಲ, ಆಲೆಶ್."

ಅವಳು ಬೆಸಿಮ್‌ನ ಕಡೆ ನಡೆದಳು. ಅವನು ತಟ್ಟನೆ ಕೈ ಎತ್ತಿದ.

"ಅಲ್ಲಿ ಜಾರುತ್ತೆ ಮೇಡಂ. ಈ ಕಡೆ ಬನ್ನಿ."

ಕೆಲಸ ಕಳೆದುಕೊಂಡ ಗಳಿಗೆಯಲ್ಲೂ ಇನ್ನೊಬ್ಬರ ಕಾಲು ಜಾರಬಾರದೆಂಬ ಯೋಚನೆ. ಬ್ರೆದಾ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು.

"ನೀನು ಮಾಡಿದ್ದಾ?"

"ನಾನು ಮಾಡಿದ್ರೆ ನಾನೇ ಹೋಗಿ ಹೇಳ್ತಿದ್ನಾ ಮೇಡಂ? ಇಲ್ಲಿರೋ ಪರವಾನಗಿ ಈ ಕೆಲಸದ ಮೇಲೇ ನಿಂತಿದೆ. ಇದು ಹೋದ್ರೆ ಮನೆಮಂದಿಯೆಲ್ಲ ವಾಪಸ್."

ಬ್ರೆದಾ ಭೂತಗನ್ನಡಿ ಹಿಡಿದು ಗೀರಿನ ಮುಂದೆ ಕುಳಿತಳು. ಗೀರಿನ ತಳದಲ್ಲಿ ಹಳದಿ ಪುಡಿ ಮಿನುಗುತ್ತಿತ್ತು. ಹಿತ್ತಾಳೆ. ತಲೆ ಎತ್ತಿದಳು. ಗೋಡೆಯ ಮೇಲೆ ಸುತ್ತಿಟ್ಟ ನೀರಿನ ಪೈಪು. ಅದರ ತುದಿಯ ಮೂತಿಯೂ ಹಿತ್ತಾಳೆಯದೇ.

ಆಲೆಶ್ ಕೂಡ ಅದನ್ನು ನೋಡಿದ. ಹುಬ್ಬು ಏರಿಸಿದ.

* * *

ಮಂಗಳವಾರ ಸಂಜೆ ಕಾರಿನ ಮೈ ಹೇಗಿತ್ತೆಂದು ಆಲೆಶ್ ನೋಡಿರಲಿಲ್ಲ. ಮಧ್ಯಾಹ್ನ ಚೆನ್ನಾಗಿತ್ತು ಎಂದಷ್ಟೇ ಅವನಿಗೆ ಗೊತ್ತು. ಆ ನಂತರ ಮಳಿಗೆಗೆ ಬಂದವರು ಮೂವರು.

ಒಬ್ಬ ದಂತವೈದ್ಯ. ಅವನಿಗೂ ಅದೇ ಬೂದು ಕಾರು ಬೇಕಿತ್ತು. ಬೇರೆಯವರಿಗೆ ಕಾಯ್ದಿರಿಸಿದೆ ಎಂದಾಗ, "ಹಾಗಾದ್ರೆ ಅದು ಯಾರಿಗೂ ದಕ್ಕದೇ ಇರಲಿ" ಎಂದು ಕೂಗಿದ್ದನಂತೆ.

ಕಾಯ್ದಿರಿಸಿದವಳು ನೆವೆಂಕಾ. ದ್ರಾಕ್ಷಿ ಗುಡ್ಡಗಳ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸು. ಅವಳ ಹಳೆಯ ಕಾರು ಕಳೆದ ತಿಂಗಳು ಏರಿನ ನಡುವೆಯೇ ಉಸಿರು ನಿಲ್ಲಿಸಿತ್ತು.

ಮೂರನೆಯವರು ಅವಳ ಜೊತೆ ಬಂದ ಫ್ರಾಂಚೆಕ್ ತಾತ. ಎಂಬತ್ತು ದಾಟಿದವರು. ಕುದುರೆ ಸಂತೆಯ ದಲ್ಲಾಳಿಯಾಗಿ ಬಾಳಿದವರು. ಕುದುರೆ ಕೊಳ್ಳುವವರು ಇಲ್ಲವಾದ ಮೇಲೆ ಜನ ಅವರನ್ನು ಟ್ರ್ಯಾಕ್ಟರ್ ಕೊಳ್ಳಲು ಕರೆದೊಯ್ದರು. ಆಮೇಲೆ ಬಟ್ಟೆ ಒಗೆಯುವ ಯಂತ್ರಕ್ಕೆ, ಆಮೇಲೆ ಕಾರಿಗೆ. ಅವರ ಹೆಂಡತಿ ತ್ರೇಜಿಕಾ ಎದ್ದು ಓಡಾಡಿ ಎರಡು ಚಳಿಗಾಲವಾಗಿತ್ತು. ನೆವೆಂಕಾ ದಿನವೂ ಬಂದು ಅಜ್ಜಿಯ ಮಗ್ಗುಲು ಬದಲಿಸಿ, ತಲೆ ಬಾಚಿ ಹೋಗುತ್ತಿದ್ದಳು. "ನಿನ್ನ ಕಾರಿನ ಬೆಲೆ ನಾನು ಇಳಿಸಿಕೊಡ್ತೀನಿ ಮಗಳೇ" ಎಂದು ತಾತ ಮಾತು ಕೊಟ್ಟಿದ್ದರು.

ಬ್ರೆದಾಳಿಗೆ ಅವರು ಚಿಕ್ಕಂದಿನಿಂದ ಗೊತ್ತು. ಅವಳಪ್ಪ ಒಮ್ಮೆ ಒಂದು ಕಣ್ಣು ಮಂಜಾದ ಹೆಣ್ಣುಕುದುರೆಯನ್ನು ಮಾರಲು ಅವಳನ್ನೂ ಕರೆದುಕೊಂಡು ಹೋಗಿದ್ದ. ಬೆಲೆ ಕುದುರಿತು. ಕೊಳ್ಳುವವನು, ಮಾರುವವನು ಕೈ ಹಿಡಿದರು. ಮೇಲೆ ದಲ್ಲಾಳಿ ತನ್ನ ಕೈ ಇಟ್ಟರೆ ವ್ಯಾಪಾರ ಮುಗಿದಂತೆ. ಫ್ರಾಂಚೆಕ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟರು. "ಮೊದಲು ಕಣ್ಣಿನ ವಿಷಯ ಹೇಳು ಕೊಸಿ, ಆಮೇಲೆ ನನ್ನ ಕೈ." ವ್ಯಾಪಾರ ಮುರಿಯಿತು. ಅಪ್ಪ ದಾರಿಯುದ್ದಕ್ಕೂ ಬೈಯುತ್ತಾ ಬಂದ. ಮುಂದಿನ ವರ್ಷ ಅವರನ್ನೇ ಕರೆದ.

"ಕ್ಯಾಮೆರಾದ ರೆಕಾರ್ಡಿಂಗ್ ಹಾಕು" ಎಂದಳು ಬ್ರೆದಾ ಆಲೆಶ್‌ಗೆ.

ಅಂಗಳಕ್ಕೆ ಕ್ಯಾಮೆರಾ ಇರಲಿಲ್ಲ. ಒಳಗಿನದರಲ್ಲಿ ದನಿ ಇರಲಿಲ್ಲ. ಪರದೆಯ ಮೇಲೆ ಆಲೆಶ್ ಕಂಪ್ಯೂಟರ್ ಮುಂದೆ ಕುಳಿತಿದ್ದ. ಎದುರಿಗೆ ತಾತ, ಪಕ್ಕದಲ್ಲಿ ನೆವೆಂಕಾ.

ಫ್ರಾಂಚೆಕ್ ತಾತನ ವರಸೆ ಊರಿಗೆಲ್ಲ ಗೊತ್ತು. ಬೇಕಾದ ಪ್ರಾಣಿಯ ಕಡೆ ಕಣ್ಣೆತ್ತಿಯೂ ನೋಡಬಾರದು. ಪಕ್ಕದ್ದನ್ನು ಹೊಗಳಬೇಕು. ಮೂರು ಸಲ ಎದ್ದು ಹೊರಡಬೇಕು. ಮೂರನೆಯ ಸಲ ಮಾರುವವನು ಕೂಗಿ ಕರೆದೇ ಕರೆಯುತ್ತಾನೆ.

ತಾತ ಎದ್ದರು. ಟೋಪಿ ಮುಟ್ಟಿ, ಕೋಲೂರಿಕೊಂಡು ಬೀದಿ ಬಾಗಿಲ ತನಕ ಹೋದರು. ಬೆನ್ನು ಹಾಕಿ ನಿಂತರು. ಆಲೆಶ್ ಬೆರಳು ಕುಟ್ಟುತ್ತಲೇ ಇದ್ದ. ತಾತ ತಿರುಗಿ ಬಂದು ಕುಳಿತರು. ಮತ್ತೆ ಎದ್ದರು. ಈ ಸಲ ಬಾಗಿಲ ಹಿಡಿಯ ಮೇಲೆ ಕೈ ಇಟ್ಟು ಬಹಳ ಹೊತ್ತು ನಿಂತರು. ಯಾರೂ ಕರೆಯಲಿಲ್ಲ. ನೆವೆಂಕಾ ಎದ್ದು ಬಚ್ಚಲಿನ ಕಡೆ ಹೋದಳು.

ತಾತ ಮೂರನೆಯ ಸಲ ಏಳುವಾಗ ಬ್ರೆದಾಳಿಗೆ ನೋಡಲಾಗಲಿಲ್ಲ. ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. "ಸಾಕು, ಮುಂದಕ್ಕೆ ಓಡಿಸು."

ದಂತವೈದ್ಯನ ವಿಷಯ ಮಾತ್ರ ಸ್ಪಷ್ಟವಾಗಿತ್ತು. ಅವನು ಆ ಹೊತ್ತೆಲ್ಲ ಮುಂದಿನ ಮೇಜಿಗೆ ಒರಗಿ, ಗಿರಾಕಿಗಳಿಗೆಂದು ಇಟ್ಟಿದ್ದ ಮಿಠಾಯಿ ತಿನ್ನುತ್ತಿದ್ದ. ಆಮೇಲೆ ಬೀದಿ ಬಾಗಿಲಿನಿಂದಲೇ ಹೊರಟುಹೋದ.

* * *

ಗುರುವಾರ ಬ್ರೆದಾ ನೀರಿನ ಪೈಪನ್ನು ಗೋಡೆಯಿಂದ ಬಿಚ್ಚಿ ಎಳೆದಳು. ಪೂರ್ತಿ ಎಳೆದರೂ ಅದು ತಗಡಿನ ಚಾವಣಿಯನ್ನು ಮುಟ್ಟಲಿಲ್ಲ. ಒಂದು ಕುದುರೆಯಷ್ಟು ಉದ್ದ ಕಡಿಮೆ ಬಿತ್ತು.

"ಮೂತಿ ಬಿಚ್ಚಿಕೊಂಡು ಹೋಗಿರಬಹುದಲ್ಲ?" ಎಂದ ಆಲೆಶ್.

"ಬಿಚ್ಚಿ ನೋಡು."

ಅವನು ಹಲ್ಲು ಕಚ್ಚಿ ತಿರುಗಿಸಿದ. ತುಕ್ಕು ಕಚ್ಚಿ ಹಿಡಿದಿತ್ತು. ಕದಲಲಿಲ್ಲ.

"ಬೆಸಿಮ್ ಅಲ್ಲ" ಎಂದಳು ಬ್ರೆದಾ. "ವಾಪಸ್ ಕರೀತೀಯಾ?"

"ಯಾರು ಅಂತ ಹೇಳಿ ಮೇಡಂ, ಆಮೇಲೆ ನೋಡೋಣ. ಇವನಲ್ಲ ಅಂದ್ರೆ ಆ ನರ್ಸು. ಲಾಭ ಆಗಿರೋದು ಅವಳಿಗೇ. ನಾಳೆ ಒಳಗೆ ಈ ಕಾರಿನ ಮಾರಾಟ ತೋರಿಸಲೇಬೇಕು, ಬಣ್ಣ ಹಾಕಿಸೋಕೆ ಹೊತ್ತಿಲ್ಲ. ಸಾವಿರದ ಎಂಟುನೂರು ಯೂರೋ ಬಿಟ್ಟು ಅವಳಿಗೇ ಕೊಡ್ತಿದ್ದೀನಿ."

"ಮಂಗಳವಾರ ಎಷ್ಟು ಬಿಡ್ತಿದ್ದೆ?"

"ಮಂಗಳವಾರ ಏನೂ ಇಲ್ಲ. ಬೆಲೆ ಕಂಪ್ಯೂಟರ್ ಹೇಳುತ್ತೆ, ನಾನಲ್ಲ. ಗೀರು ಬಿದ್ದಿದೆ ಅಂತ ಹಾಕಿದ್ರೆ ಅದೇ ಇಳಿಸುತ್ತೆ."

ನೆವೆಂಕಾ ಸಿಕ್ಕಿದ್ದು ಗುಡ್ಡದ ಬಸ್ ನಿಲ್ದಾಣದಲ್ಲಿ. ಔಷಧಿ ಚೀಲ ತೊಡೆಯ ಮೇಲಿತ್ತು.

"ಆ ಹೊತ್ತಲ್ಲಿ ನಾನು ಬಚ್ಚಲಲ್ಲಿದ್ದೆ" ಎಂದಳು. "ನಲ್ಲಿ ಬಿಟ್ಕೊಂಡು ಅಳ್ತಿದ್ದೆ, ತಾತನಿಗೆ ಕೇಳಬಾರದು ಅಂತ. ಕಾರು ತಪ್ಪುತ್ತೆ ಅಂತ ಅಲ್ಲ ಬ್ರೆದಾ. ಆಲೆಶ್ ಅವರಿಗೆ ಅಂದ, 'ಹಲ್ಲು ನೋಡಿ ಬೆಲೆ ಕಟ್ಟೋಕೆ ಇದು ಕುದುರೆ ಅಲ್ಲ ತಾತ.' ಅಲ್ಲಿದ್ದ ಹಲ್ಲಿನ ಡಾಕ್ಟರು ನಕ್ಕರು. ತಾತನೂ ನಕ್ಕರು. ಅವರು ನಕ್ಕಿದ್ದೇ ನನಗೆ ನೋಡೋಕಾಗಲಿಲ್ಲ."

"ಬೆಸಿಮ್ ಕೆಲಸ ಹೋಗಿದ್ದು ತಾತನಿಗೆ ಗೊತ್ತಾ?"

"ಹೇಳಿಲ್ಲ. ಅವರೇ ಕುಗ್ಗಿ ಹೋಗಿದ್ದಾರೆ. ಇನ್ನೊಬ್ಬರ ಸಂಕಟ ಯಾಕೆ ಹೊರಿಸಲಿ?"

ಬಸ್ಸು ಬಂತು. ಒಬ್ಬ ಮುದುಕಿಯ ಕೈ ಹಿಡಿದು ಮೊದಲು ಹತ್ತಿಸಿ, ಆಮೇಲೆ ತಾನು ಹತ್ತಿದಳು.

* * *

ಶುಕ್ರವಾರ ಕಾರು ಕೈ ಬದಲಾಯಿಸಿತು. ವ್ಯಾಪಾರ ಮುಗಿದ ಮೇಲೆ ಲಿಕೋಫ್ ಎಂಬ ಸಂತೋಷದ ಲೋಟ ಕುಡಿಯದೆ ಮನೆಗೆ ಹೋಗುವವರು ಆ ಸೀಮೆಯಲ್ಲಿಲ್ಲ. ನೆವೆಂಕಾ ತಮ್ಮನ ತೋಟದ ಬಿಳಿ ವೈನ್ ತಂದಿದ್ದಳು. ಜೊತೆಗೆ ಪದರ ಪದರದ ಗಿಬಾನಿತ್ಸಾ ತಿಂಡಿ, ಇನ್ನೂ ಬಿಸಿಯಾಗಿತ್ತು. ಬ್ರೆದಾ ಮಳಿಗೆಯ ಬಾಗಿಲ ಬಳಿ ನಿಂತಿದ್ದಳು.

ಫ್ರಾಂಚೆಕ್ ತಾತ ನೆವೆಂಕಾಳ ತೋಳು ಹಿಡಿದು ನಿಧಾನವಾಗಿ ಒಳಗೆ ಬಂದರು.

ರುಜುಗಳಾದವು. ಆಲೆಶ್ ಕೈ ಚಾಚಿದ. ನೆವೆಂಕಾ ಹಿಡಿದಳು.

"ಬನ್ನಿ ತಾತ, ಮೇಲೆ ನಿಮ್ಮ ಕೈ ಇಡಿ."

"ಕಾಗದ ಆಯ್ತಲ್ಲ ಮಗಳೇ. ಇನ್ನು ಈ ಕೈ ಯಾಕೆ?"

"ಹಾಗಾದ್ರೆ ಒಂದು ಲೋಟನಾದ್ರೂ ಕುಡೀರಿ."

"ಹೊಟ್ಟೆ ಸರಿಯಿಲ್ಲ."

ಅವರು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ತುಟಿಗೂ ತಾಗಿಸಿರಲಿಲ್ಲ. ಕೈಗಳು ಬೆನ್ನ ಹಿಂದೆ ಹೋದವು.

ಆ ನಿಲುವನ್ನು ಬ್ರೆದಾ ಮೊದಲೊಮ್ಮೆ ನೋಡಿದ್ದಳು. ಅಪ್ಪನ ಹೆಣ್ಣುಕುದುರೆಯ ಪಕ್ಕದಲ್ಲಿ.

ಎಲ್ಲರೂ ಹೋದ ಮೇಲೆ ಅವಳು ಕ್ಯಾಮೆರಾದ ರೆಕಾರ್ಡಿಂಗನ್ನು ಮತ್ತೆ ಹಾಕಿಸಿದಳು. ಈ ಸಲ ಮುಖ ತಿರುಗಿಸಲಿಲ್ಲ.

* * *

ತಾತನ ಅಡುಗೆಮನೆಯಲ್ಲಿ ಹಾಲು ಕಾಯುತ್ತಿತ್ತು. ಒಳಕೋಣೆಯಿಂದ ತ್ರೇಜಿಕಾ ಅಜ್ಜಿಯ ಕೆಮ್ಮು ಕೇಳಿಸುತ್ತಿತ್ತು.

"ಕೋಲು ಎಲ್ಲಿ ತಾತ?"

ಅವರು ಉರಿ ತಗ್ಗಿಸಿದರು. ಸೌದೆ ಪೆಟ್ಟಿಗೆಯ ಹಿಂದಿನಿಂದ ಕೋಲನ್ನು ತಂದು ಮೇಜಿನ ಮೇಲಿಟ್ಟರು. ತುದಿಗೆ ಹಿತ್ತಾಳೆಯ ಕಟ್ಟು. ಅದರ ಅಂಚಿನಲ್ಲಿ ಬೂದು ಬಣ್ಣ.

"ಒಲೆಗೆ ಹಾಕೋಣ ಅಂದ್ಕೊಂಡೆ. ಕೋಲು ಸುಡುತ್ತೆ, ಹಿತ್ತಾಳೆ ಉಳಿಯುತ್ತೆ. ಹೇಗೆ ಗೊತ್ತಾಯ್ತು?"

"ಮೊದಲ ದಿನವೇ ಗೊತ್ತಾಗಬೇಕಿತ್ತು. ನೀವು ಮೂರನೇ ಸಲ ಏಳುವಾಗ ನನಗೆ ಸಂಕಟವಾಗಿ ಆ ಕಡೆ ತಿರುಗಿಬಿಟ್ಟೆ. ಇವತ್ತು ನೋಡಿದೆ. ನೀವು ಹೋಗಿದ್ದು ಬೀದಿ ಬಾಗಿಲಿಗಲ್ಲ, ಅಂಗಳದ ಬಾಗಿಲಿಗೆ. ಹೋಗುವಾಗ ಕೋಲೂರಿಕೊಂಡು ಹೋದ್ರಿ. ಬರುವಾಗ ಅದು ಕಂಕುಳಲ್ಲಿತ್ತು. ಇವತ್ತು ಕೋಲೇ ಇಲ್ಲದೆ ಕುಂಟಿಕೊಂಡು ಬಂದ್ರಿ. ಆದ್ರೆ ನನಗೆ ತಿಳಿದಿದ್ದು ಅದರಿಂದಲ್ಲ. ಲೋಟದಿಂದ. ಕಣ್ಣಿನ ವಿಷಯ ಹೇಳದ ಕುದುರೆಗೆ ನೀವು ಕೈ ಇಡಲಿಲ್ಲ. ಈ ಕಾರಿಗೂ ಇಡಲಿಲ್ಲ. ಸುಳ್ಳಿದ್ದ ವ್ಯಾಪಾರಕ್ಕೆ ನೀವು ಲಿಕೋಫ್ ಕುಡಿಯೋರಲ್ಲ."

ತಾತ ಬೆಂಚಿನ ಮೇಲೆ ಕುಳಿತರು.

"ಸಂತೇಲಿ ಕೆಲವರು ಗೊರಸಿಗೆ ಮುಳ್ಳು ಚುಚ್ಚಿ ಬೆಲೆ ಇಳಿಸ್ತಿದ್ರು. ಅಂಥವರ ಬೆಂಚಲ್ಲಿ ನಾನು ಯಾವತ್ತೂ ಕೂತವನಲ್ಲ. ಅವತ್ತು ಅಂಗಳಕ್ಕೆ ಹೋಗಿದ್ದು ಮುಖ ತೊಳೆಯೋಕೆ. ಕಾರು ಎದುರಿಗಿತ್ತು. ತಿಂಗಳ ಕೊನೆಯೊಳಗೆ ಇದು ಹೋಗಲೇಬೇಕು ಅಂತ ಆ ಹುಡುಗ ಆಲೆಶ್ ಫೋನಲ್ಲಿ ಹೇಳ್ತಿದ್ದ. ಮಗಳಿಗೆ ಮಾತು ಕೊಟ್ಟಿದ್ದೆ. ಇದು ಕುದುರೆ ಅಲ್ಲ ಅಂದನಲ್ಲ... ಅಲ್ಲದಿದ್ರೆ ಇದಕ್ಕೆ ನೋವಾಗಲ್ಲ ಅಂದ್ಕೊಂಡೆ. ಲಾರೀಲಿ ತರುವಾಗ ತಾಗಿದೆ ಅಂತಾರೆ. ಯಾರಿಗೂ ನೋವಾಗಲ್ಲ."

"ಬೆಸಿಮ್‌ಗೆ ಆಯ್ತು ತಾತ."

"ಯಾರು ಬೆಸಿಮ್?"

ಬ್ರೆದಾ ಹೇಳಿದಳು. ಕೆಲಸ ಹೋದದ್ದು. ಪರವಾನಗಿಯ ವಿಷಯ. ಬಾಡಿಗೆ ಮನೆ ಬಿಡುವ ಮುಂಚೆಯೇ ಹೆಂಡತಿ, ಮಗಳು ಗುರುವಾರದ ಬಸ್ಸಿಗೆ ಊರಿಗೆ ಹೊರಟದ್ದು.

ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಇಬ್ಬರೂ ಏಳಲಿಲ್ಲ.

"ಯಾರದು? ನೆವೆಂಕಾನಾ?" ಒಳಗಿನಿಂದ ಅಜ್ಜಿ ಕೇಳಿದರು.

"ಅಲ್ಲ ಕಣೇ, ಕೊಸಿ ಮಗಳು. ಒಂದು ವ್ಯಾಪಾರ ಅರ್ಧಕ್ಕೆ ನಿಂತಿದೆ. ಹೋಗಿ ಬರ್ತೀನಿ." ಅವರು ಒಲೆ ಆರಿಸಿದರು. "ನನ್ನ ಕೋಟು ಕೊಡು ಮಗಳೇ."

* * *

ಬ್ರೆದಾ ಹೇಳಿಕಳಿಸಿದ್ದರಿಂದ ಬೆಸಿಮ್ ಮಳಿಗೆಯಲ್ಲಿದ್ದ. ನೆವೆಂಕಾಳೂ ಬಂದಿದ್ದಳು. ತಾತ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಸುತ್ತಿ ಬಳಸಿ ಹೇಳಲಿಲ್ಲ.

"ಗೀರು ಎಳೆದವನು ನಾನು. ಇವನಲ್ಲ."

ನೆವೆಂಕಾ ಬಾಯಿ ಮುಚ್ಚಿಕೊಂಡಳು. "ಯಾಕೆ ತಾತ? ನನಗೆ ಕಡಿಮೆ ಬೆಲೆ ಬೇಡವಾಗಿತ್ತು!"

"ನಿನಗೆ ಬೇಡವಾಗಿತ್ತು. ನನಗೆ ಬೇಕಾಗಿತ್ತು ಮಗಳೇ." ಅವರು ಆಲೆಶ್‌ನ ಕಡೆ ತಿರುಗಿದರು. "ಗುಡ್ಡದ ಮೇಲೆ ಒಂದು ತುಂಡು ದ್ರಾಕ್ಷಿ ತೋಟ ಇದೆ. ಮಾರಿ ನಿನ್ನ ನಷ್ಟ ತುಂಬ್ತೀನಿ. ಅವಳ ಬೆಲೆ ಮುಟ್ಟಬೇಡ."

ಆಲೆಶ್ ಅಭ್ಯಾಸಬಲದಿಂದ ಕಂಪ್ಯೂಟರಿನ ಕಡೆ ನೋಡಿದ. ಅದರಲ್ಲಿ ಉತ್ತರ ಇರಲಿಲ್ಲ.

"ದೂರು ವಾಪಸ್ ತಗೋತೀನಿ ಮೇಡಂ. ಬೆಸಿಮ್, ಸೋಮವಾರದಿಂದ ಬಾ."

"ಅಷ್ಟೇನಾ?" ಎಂದಳು ಬ್ರೆದಾ.

ಆಲೆಶ್‌ನ ಕಿವಿ ಕೆಂಪಾಯಿತು. "ತಪ್ಪಾಯ್ತು ಬೆಸಿಮ್."

"ದೂರು ಇರಲಿ" ಎಂದರು ತಾತ. "ಬರಿ ಬ್ರೆದಾ. ನನ್ನ ಹೆಸರು ಪೂರ್ತಿ ಬರಿ."

ಅವಳು ಬರೆದುಕೊಂಡಳು. ತಾತ ಬೆಸಿಮ್‌ನ ಮುಂದೆ ಹೋಗಿ ನಿಂತರು. ಕೈ ಚಾಚಿದರು.

"ಕೈ ಕೊಡು ಅಂತ ಕೇಳೋ ಮುಖ ನನಗಿಲ್ಲ. ಆದ್ರೂ ಕೇಳ್ತಿದ್ದೀನಿ."

ಬೆಸಿಮ್ ಆ ಕೈಯನ್ನೇ ನೋಡಿದ.

"ಇವತ್ತು ನನ್ನ ಮಗಳು ಹಾಡಬೇಕಿತ್ತು" ಎಂದ. "ಹೊಸ ಬಿಳಿ ಅಂಗಿ ಹೊಲಿಸಿದ್ವಿ."

ಅವನು ತನ್ನ ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಒದ್ದೆಯೇ ಇರಲಿಲ್ಲ, ಆದರೂ ಬಹಳ ಹೊತ್ತು ಒರೆಸಿಕೊಂಡ. ಕೊನೆಗೆ ಕೊಟ್ಟ.

ಎರಡು ಕೈಗಳು ಸುಮ್ಮನೆ ಕೂಡಿಕೊಂಡು ನಿಂತವು. ಮೂರನೆಯ ಕೈ ಇಡುವುದು ಯಾವತ್ತೂ ಫ್ರಾಂಚೆಕ್ ತಾತನ ಕೆಲಸವಾಗಿತ್ತು. ಇಂದು ಅವರು ಆ ಜಾಗದಲ್ಲಿರಲಿಲ್ಲ. ಬ್ರೆದಾ ಪೆನ್ನನ್ನು ಜೇಬಿಗಿಟ್ಟಳು. ಹತ್ತಿರ ಬಂದು ತನ್ನ ಕೈಯನ್ನು ಆ ಕೈಗಳ ಮೇಲಿಟ್ಟಳು. ಎರಡೂ ತಣ್ಣಗಿದ್ದವು.

"ಇನ್ನು ಮೇಲೆ ಯಾರ ವ್ಯಾಪಾರಕ್ಕೂ ನನ್ನನ್ನ ಕರೀಬೇಡಿ" ಎಂದರು ತಾತ.

ಕೋಲು ಸಾಕ್ಷಿಯಾಗಿ ಠಾಣೆಗೆ ಹೋಗಬೇಕಿತ್ತು. ಅದನ್ನು ಬ್ರೆದಾಳ ಕೈಗಿಟ್ಟು, ತಾತ ಒಬ್ಬರೇ ಅಂಗಳದ ಕಡೆ ಹೊರಟರು. ಊರಲು ಏನೂ ಇರಲಿಲ್ಲ. ಗೋಡೆ ಹಿಡಿದು ನಡೆದರು. ಕಿಟಕಿಯ ಕಟ್ಟೆಯ ಮೇಲೆ ಅವರ ಲೋಟ ತುಂಬಿದ ಹಾಗೇ ಇತ್ತು.

ಬೆಸಿಮ್ ಸ್ವಲ್ಪ ಹೊತ್ತು ನಿಂತಲ್ಲೇ ನಿಂತಿದ್ದ. ಆಮೇಲೆ ದಡಬಡ ಹೋಗಿ ಅವರ ತೋಳು ಹಿಡಿದ.

"ಅಲ್ಲಿ ಜಾರುತ್ತೆ ತಾತ" ಎಂದ. "ಈ ಕಡೆ ಬನ್ನಿ."